ಗ್ಲುಟೆನ್ ಬಿಟ್ಟು ವರ್ಷ ದಾಟಿದರೂ ಹೊಟ್ಟೆ ಸರಿ ಹೋಗಿಲ್ಲ, ಮೊದಲು ಏನು ನೋಡಬೇಕು?

ತುಂಗೆಯ_ದಡ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತಂಗಿಯ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 32. ಸೀಲಿಯಾಕ್ (ಗೋಧಿ, ಬಾರ್ಲಿಯ ಪ್ರೋಟೀನಾದ ಗ್ಲುಟೆನ್‌ನಿಂದ ಸಣ್ಣ ಕರುಳಿನ ಒಳಪದರ ಹಾಳಾಗುವ ಕಾಯಿಲೆ) ಅಂತ ಗೊತ್ತಾದಾಗ ಅದರ ಪ್ರತಿಕಾಯ ಅಳೆಯುವ ರಕ್ತಪರೀಕ್ಷೆ ಟಿಟಿಜಿ ಐಜಿಎ ಲ್ಯಾಬಿನ ಮೇಲ್ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚಿತ್ತು, ಬಯಾಪ್ಸಿಯಲ್ಲಿ (ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ) ಮಾರ್ಷ್ 3ಬಿ, ಅಂದರೆ ಒಳಪದರ ಬಹಳ ಸವೆದಿದೆ ಅಂತ. ಗೋಧಿ, ಮೈದಾ, ರವೆ, ಬಾರ್ಲಿ ಬಿಟ್ಟು ವರ್ಷದ ಮೇಲಾಯಿತು. ಈಗ ಟಿಟಿಜಿ ಮೇಲ್ಮಿತಿಗಿಂತ ಸ್ವಲ್ಪ ಮಾತ್ರ ಜಾಸ್ತಿ. ತೂಕ ಬಂದಿದೆ, ಹಿಮೋಗ್ಲೋಬಿನ್ 8.4ರಿಂದ 11.2ಕ್ಕೆ ಏರಿದೆ. ಆದರೆ ಸಂಜೆಯಾಗುತ್ತಲೇ ಹೊಟ್ಟೆ ಉಬ್ಬರಿಸುತ್ತದೆ, ವಾರದಲ್ಲಿ ಎರಡು ಮೂರು ದಿನ ಭೇದಿ, ನಡುವೆ ಮಲಬದ್ಧತೆ.

ಊಟ: ಬೆಳಿಗ್ಗೆ ಇಡ್ಲಿ, ದೋಸೆ ಇಲ್ಲವೇ ಅಕ್ಕಿ ರೊಟ್ಟಿ. ಮಧ್ಯಾಹ್ನ ಅನ್ನ, ಸಾರು, ಪಲ್ಯ. ರಾತ್ರಿ ರಾಗಿ ಮುದ್ದೆ ಅಥವಾ ನವಣೆ ಅನ್ನ. ಎರಡು ಹೊತ್ತು ಫಿಲ್ಟರ್ ಕಾಫಿ, ಮಲಗುವಾಗ ಒಂದು ಲೋಟ ಹಾಲು. ಮನೆಯಲ್ಲಿ ಉಳಿದವರಿಗೆ ಚಪಾತಿ ಮಾಡುತ್ತಾರೆ, ಅವಳಿಗೆ ಬೇರೆ ಪಾತ್ರೆ ಇದೆ. ಮಾತ್ರೆ: ಕಬ್ಬಿಣ, ಕ್ಯಾಲ್ಸಿಯಂ, ಥೈರಾಯ್ಡ್‌ಗೆ ಥೈರಾಕ್ಸಿನ್. "ಐಬಿಎಸ್ (ಕರುಳಿಗೆ ಹಾನಿಯಿಲ್ಲದೆಯೂ ಹೊಟ್ಟೆ ಕೆಡುವ ತೊಂದರೆ) ಇರಬಹುದು" ಅಂತ ಒಬ್ಬ ಡಾಕ್ಟರು, "ಇನ್ನೂ ಆರು ತಿಂಗಳು ಕಾಯಿರಿ" ಅಂತ ಇನ್ನೊಬ್ಬರು. ಎಲ್ಲಿಂದ ಶುರು ಮಾಡಬೇಕು?

ಒಗ್ಗರಣೆ_ಸೌಟು:

ಐಬಿಎಸ್ ಅನ್ನುವ ಹಣೆಪಟ್ಟಿಗೆ ಈಗಲೇ ಅವಸರ ಬೇಡ. ಪಥ್ಯದಲ್ಲಿದ್ದೂ ಲಕ್ಷಣ ಹೋಗದವರಲ್ಲಿ ಎಲ್ಲಕ್ಕಿಂತ ಸಾಮಾನ್ಯ ಕಾರಣ, ಗೊತ್ತಿಲ್ಲದೆ ಹೊಟ್ಟೆ ಸೇರುವ ಗ್ಲುಟೆನ್. ಟಿಟಿಜಿ ಪೂರ್ತಿ ಇಳಿಯದೆ ಮಿತಿಯ ಅಂಚಿನಲ್ಲೇ ನಿಂತಿದೆ ಅನ್ನುವುದೂ ಅದನ್ನೇ ಸೂಚಿಸಬಹುದು. ಒಂದು ವೇಳೆ ನಾರ್ಮಲ್ ಬಂದಿದ್ದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಸಣ್ಣ ಪ್ರಮಾಣದ ಬೆರಕೆಯನ್ನು ಆ ರಕ್ತಪರೀಕ್ಷೆ ಹಿಡಿಯದೇ ಹೋಗಬಹುದು.

ನೀವು ಬರೆದ ಪಟ್ಟಿಯಲ್ಲಿ ಗೋಧಿ ಎಲ್ಲೂ ಕಾಣುವುದಿಲ್ಲ, ನಿಜ. ಆದರೆ ಸಾರು, ಪಲ್ಯ, ಚಟ್ನಿ ಮೂರಕ್ಕೂ ಇಂಗು ಬೀಳುತ್ತದೆ. ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ. ಅಂಟು ಮತ್ತು ಹಿಟ್ಟಿಗೆ ಬೆರೆಸಿದ ಕೂಟು ಇಂಗು ಅದು, ಆ ಹಿಟ್ಟು ಬಹಳ ಸಲ ಮೈದಾ ಇಲ್ಲವೇ ಗೋಧಿ. ಲೆಕ್ಕ ಹಾಕಿ ನೋಡಿ. ಗೋಧಿ ಹಿಟ್ಟಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. ಒಂದು ಪಾತ್ರೆ ಸಾರಿಗೆ 1 ಗ್ರಾಂ ಇಂಗು ಹಾಕಿ, ಅದರಲ್ಲಿ ಅರ್ಧ ಹಿಟ್ಟು ಅಂತಿಟ್ಟುಕೊಂಡರೆ 50 ಮಿಲಿಗ್ರಾಂ ಗ್ಲುಟೆನ್. ನಾಲ್ಕು ಜನ ಉಂಡರೆ ತಲೆಗೆ 12 ಮಿಲಿಗ್ರಾಂ. ಇದು ಬರೀ ಸಾರಿನ ಲೆಕ್ಕ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರ ಕರುಳು ತಡೆದುಕೊಳ್ಳುತ್ತದೆ. ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳು ಹೋದರೆ ಒಳಪದರ ಮತ್ತೆ ಹಾಳಾಗುತ್ತದೆ ಅಂತ 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತೋರಿಸಿದೆ. ನಮ್ಮ ಅಡುಗೆಯಲ್ಲಿ ಈ ಎರಡು ಅಂಕಿಗಳ ನಡುವಿನ ಅಂತರ ಇಂಗಿನ ಡಬ್ಬಿಯಲ್ಲೇ ಇದೆ!

ಇಂಗಿನ ಡಬ್ಬಿ ಬದಲಿಸುವುದೊಂದೇ ಸಾಲದು. ಅಂಗಡಿಯ ಸಾರಿನ ಪುಡಿ, ಹುಳಿ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ, ಮಸಾಲೆ ಮಜ್ಜಿಗೆ ಪ್ಯಾಕೆಟ್ಟು, ಇವೆಲ್ಲದರ ಒಳಗೂ ಅದೇ ಇಂಗು ಕೂತಿರಬಹುದು. ಪುಡಿಗಳನ್ನು ಮನೆಯಲ್ಲೇ ಮಾಡಿಕೊಳ್ಳಿ. ಇಂಗು ಬೇಕೇ ಬೇಕೆಂದರೆ ಅಕ್ಕಿ ಹಿಟ್ಟಿನಲ್ಲಿ ಕಲಸಿದ್ದು, ಮೇಲೆ ಗ್ಲುಟೆನ್ ಫ್ರೀ ಅಂತ ಬರೆದದ್ದು ಸಿಗುತ್ತದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಅಂಥ ಹಿಟ್ಟು ದಿನಕ್ಕೆ 300 ಗ್ರಾಂ ತಿಂದರೂ 6 ಮಿಲಿಗ್ರಾಂ ದಾಟುವುದಿಲ್ಲ.

ಹೆಸರು ಕೇಳಿ ಮೋಸ ಹೋಗುವ ತಿಂಡಿಗಳು ಇನ್ನಷ್ಟಿವೆ. ಕೋಡುಬಳೆ, ನಿಪ್ಪಟ್ಟಿಗೆ ಗರಿಗರಿಯಾಗಲೆಂದು ಮೈದಾ ಅಥವಾ ಚಿರೋಟಿ ರವೆ ಹಾಕುತ್ತಾರೆ. ಮದ್ದೂರು ವಡೆಯಲ್ಲಿ ಎರಡೂ ಇರುತ್ತವೆ. ಗೋಳಿಬಜೆ ಪೂರ್ತಿ ಮೈದಾ. ಅಂಗಡಿಯ ರಾಗಿ ಮಾಲ್ಟ್ ಮತ್ತು ಸಿರಿಧಾನ್ಯ ಮಿಕ್ಸ್‌ಗಳಲ್ಲಿ ಗೋಧಿ ಅಥವಾ ಬಾರ್ಲಿ ಸೇರಿರುವುದುಂಟು. ಹಾರ್ಲಿಕ್ಸ್‌ನಂಥ ಪುಡಿಗಳಲ್ಲಿ ಬಾರ್ಲಿ ಮಾಲ್ಟ್ ಇದ್ದೇ ಇರುತ್ತದೆ, ರಾತ್ರಿಯ ಹಾಲಿಗೆ ಏನಾದರೂ ಬೆರೆಸುತ್ತಾರಾ ಕೇಳಿ. ಖಪ್ಲಿ ಗೋಧಿ ಹಳೆಯ ತಳಿ, ಹಗುರ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದೂ ಗೋಧಿಯೇ, ಗ್ಲುಟೆನ್ ಇದೆ.

ಇನ್ನು "ಬೇರೆ ಪಾತ್ರೆ ಇದೆ" ಅಂದಿರಿ. ಸ್ಟೀಲ್ ಪಾತ್ರೆ ಬೇರೆ ಇಲ್ಲದಿದ್ದರೂ ನಡೆಯುತ್ತಿತ್ತು, ಸೋಪು ಹಾಕಿ ತೊಳೆದರೆ ಸಾಕು. ಬೇರೆ ಇರಲೇಬೇಕಾದದ್ದು ತೊಳೆದರೂ ಹಿಟ್ಟು ಬಿಡದ ಸಾಮಾನುಗಳು: ಕಬ್ಬಿಣದ ಕಾವಲಿ, ಲಟ್ಟಣಿಗೆ, ಮಣೆ, ಮರದ ಸೌಟು, ಜರಡಿ, ತೊಳೆಯುವ ಸ್ಪಂಜು. ಚಪಾತಿ ಕಾವಲಿಯಲ್ಲೇ ದೋಸೆ ಹುಯ್ದರೆ ಬಿಸಿಗೆ ಗ್ಲುಟೆನ್ ಸುಟ್ಟು ಹೋಗುತ್ತದೆ ಅಂದುಕೊಳ್ಳಬೇಡಿ, ಹೋಗುವುದಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯಬಾರದು. ಹಿಟ್ಟು ಕಲಸಿದ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದಾ ಅಂತ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ಅವಳ ಅಡುಗೆ ಮೊದಲು ಮುಗಿಸಿ, ಮುಚ್ಚಿಟ್ಟು, ಆಮೇಲೆ ಚಪಾತಿ ಹಿಟ್ಟು ತೆಗೆಯಿರಿ.

ಬಿಳಿಜೋಳ_ಧಾರವಾಡ:

ಮ್ಯಾಲಿನವರು ಹೇಳಿದ್ದು ಖರೆ ಐತ್ರಿ, ಆದ್ರ ಗಿರಣಿ ಮಾತು ಬಿಟ್ಟಾರ. ಅಕ್ಕಿ ಹಿಟ್ಟು, ರಾಗಿ ಹಿಟ್ಟು ಎಲ್ಲಿ ಬೀಸಸ್ತೀರಿ? ನಿಮ್ಮ ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗಿರ್ತಾರ. ಕಲ್ಲಿನ ಸಂದ್ಯಾಗ, ಹಿಟ್ಟು ಬೀಳೋ ಬಟ್ಟಿ ಚೀಲದಾಗ ಉಳಿದಿದ್ದು ನಿಮ್ಮ ಡಬ್ಬಿಗೆ ಬರ್ತೈತಿ. 5 ಕಿಲೋ ರಾಗಿಗೆ ಬರೇ 10 ಗ್ರಾಂ ಗೋಧಿ ಹಿಟ್ಟು ಬೆರೆತ್ರೂ ಕಿಲೋಕ್ಕ 200 ಮಿಲಿಗ್ರಾಂ ಗ್ಲುಟೆನ್ ಆತು. ಮಿತಿ 20, ಅಂದ್ರ ಹತ್ತು ಪಟ್ಟು. "ಮೊದಲ ಎರಡು ಕಿಲೋ ಬ್ಯಾರೆ ತೆಗೀರಿ" ಅಂತ ಗಿರಣಿಯವ್ರಿಗೆ ಹೇಳಿದ್ರ ಕಡಿಮಿ ಆಗ್ತೈತಿ, ಪೂರಾ ಹೋಗಂಗಿಲ್ಲ.

ದಾರಿ ಏನಂದ್ರ, ಕಾಳು ತಂದು ಮನ್ಯಾಗ ಬೀಸೋದು. ಮನಿ ಗಿರಣಿ ಮಷೀನ್ ಇದ್ರ ಛಲೋ, ಇಲ್ಲಂದ್ರ ಮಿಕ್ಸರ್‌ನ್ಯಾಗ ಸ್ವಲ್ಪ ಸ್ವಲ್ಪ ಹಾಕಿ ಬೀಸಿ ಸಾಣಿಸ್ರಿ. ಬೀಸೋಕಿಂತ ಮೊದಲ ಕಾಳು ಹಸನ ಮಾಡ್ರಿ. ರಾಗಿ, ನವಣಿ ಸಣ್ಣ ಕಾಳು, ಸಣ್ಣ ತೂತಿನ ಜರಡ್ಯಾಗ ಹಾಕಿ ಅಲ್ಲಾಡಿಸಿದ್ರ ಅವು ಕೆಳಗ ಬೀಳ್ತಾವ, ಗೋಧಿ ಕಾಳು ಮ್ಯಾಲ ನಿಲ್ತೈತಿ. ಜ್ವಾಳದಾಗ ಕಣ್ಣಿಲೆ ಆರಿಸಬೇಕು: ಜ್ವಾಳ ದುಂಡಗ, ಗೋಧಿ ಉದ್ದಕ ಇದ್ದು ನಡು ಸೀಳು ಇರ್ತೈತಿ. ಆಮ್ಯಾಲ ತೊಳದು ಬಿಸಲಾಗ ಒಣಗಿಸ್ರಿ, ಧೂಳಿನ ಜೋಡಿ ಅಂಟಿದ ಹಿಟ್ಟೂ ಹೊಕ್ಕೈತಿ.

ಇನ್ನೊಂದು, ಖಾನಾವಳಿ ಜ್ವಾಳದ ರೊಟ್ಟಿ ನಂಬಬ್ಯಾಡ್ರಿ. ರೊಟ್ಟಿ ಹರೀಬಾರದು ಅಂತ ಗೋಧಿ ಹಿಟ್ಟು ಸೇರಸೋರು ಅದಾರ, ಬಡಿಯೋ ಮುಂದ ಉದುರ್ಸೋರು ಅದಾರ. ಥಾಲಿಪೆಟ್ಟು ಹಿಟ್ಟಿನ್ಯಾಗಂತೂ ಗೋಧಿ ಇರೋದೇ ಜಾಸ್ತಿ.

ಮಜ್ಜಿಗೆಹುಳಿ:

ಇಬ್ಬರೂ ಹೇಳಿದ್ದನ್ನು ಮಾಡಲೇಬೇಕು. ಆದರೆ ಎಲ್ಲವನ್ನೂ ಗ್ಲುಟೆನ್ ತಲೆಗೇ ಕಟ್ಟಿದರೆ ಪಾಪ ಆ ಹುಡುಗಿ ಕೊನೆಗೆ ಬರೀ ಗಂಜಿಗೆ ಬಂದು ನಿಲ್ಲುತ್ತಾಳೆ. ಗ್ಲುಟೆನ್ ಬೆರಕೆ ಬಿಟ್ಟರೆ, ನಾನಾದರೆ ಈ ಪಟ್ಟಿಯಲ್ಲಿ ಮೊದಲು ಹಾಲಿನ ಲೋಟದ ಮೇಲೆ ಬೆರಳಿಡುತ್ತೇನೆ.

ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಇರುವುದು ಸಣ್ಣ ಕರುಳಿನ ಒಳಗೋಡೆಯ ಬೆರಳಿನಂಥ ಸಣ್ಣ ಚಾಚುಗಳ, ಅಂದರೆ ವಿಲ್ಲೈಗಳ, ತುದಿಯಲ್ಲಿ. ಸೀಲಿಯಾಕ್‌ನಲ್ಲಿ ಮೊದಲು ಸವೆಯುವುದೂ, ಕೊನೆಗೆ ಚಿಗುರುವುದೂ ಆ ತುದಿಯೇ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು ಹುಳಿತು ಗ್ಯಾಸ್ ಮಾಡುತ್ತದೆ, ನೀರು ಎಳೆದು ಭೇದಿ ಮಾಡಿಸುತ್ತದೆ. 100 ಮಿಲಿ ಹಾಲಿನಲ್ಲಿ ಹತ್ತಿರ ಹತ್ತಿರ 5 ಗ್ರಾಂ ಲ್ಯಾಕ್ಟೋಸ್ ಇದೆ. ಎರಡು ಕಾಫಿ, ಒಂದು ಲೋಟ ಹಾಲು ಸೇರಿದರೆ ದಿನಕ್ಕೆ 20 ಗ್ರಾಂ, ಅದರಲ್ಲಿ ಅರ್ಧ ಮಲಗುವ ಹೊತ್ತಿಗೆ ಒಂದೇ ಸಲ.

ಎರಡು ವಾರ ಹಾಲು, ಕೋವಾ, ಐಸ್‌ಕ್ರೀಮ್, ಹಾಲಿನ ಪುಡಿ ಪೂರ್ತಿ ನಿಲ್ಲಿಸಿ. ತುಪ್ಪ ಇರಲಿ. ಚೆನ್ನಾಗಿ ಹುಳಿ ಬಂದ ಮೊಸರಿನ ತೆಳು ಮಜ್ಜಿಗೆ ಬಹಳ ಜನಕ್ಕೆ ಒಗ್ಗುತ್ತದೆ, ಆದರೆ ಪರೀಕ್ಷೆಯ ಮೊದಲ ವಾರ ಅದೂ ಬೇಡ, ಎರಡನೇ ವಾರ ಅರ್ಧ ಲೋಟದಿಂದ ಶುರು ಮಾಡಿ. ಉಬ್ಬರ ಸ್ಪಷ್ಟವಾಗಿ ಇಳಿದರೆ ಉತ್ತರ ಸಿಕ್ಕಿತು. ಇದು ಕಾಯಂ ಅಲ್ಲ, ವಿಲ್ಲೈ ಬೆಳೆದ ಹಾಗೆ ಹಾಲು ಮತ್ತೆ ಹಿಡಿಸಬಹುದು. ಆ ಎರಡು ವಾರ ಬೇರೆ ಯಾವುದನ್ನೂ ಬದಲಿಸಬೇಡಿ. ಇಂಗು, ಹಾಲು, ಗಿರಣಿ ಮೂರನ್ನೂ ಒಂದೇ ಸೋಮವಾರ ಬಿಟ್ಟರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದು ಹೇಗೆ? ಗ್ಲುಟೆನ್ ಬೆರಕೆ ಮೊದಲು ಸರಿಪಡಿಸಿ, ನಾಲ್ಕು ವಾರ ಕಳೆದ ಮೇಲೆ ಹಾಲು ನಿಲ್ಲಿಸುವ ಪರೀಕ್ಷೆ.

ಅದೂ ಅಲ್ಲ ಅನ್ನಿಸಿದರೆ ಹುದುಗಿ ಗ್ಯಾಸ್ ಮಾಡುವ ಇತರ ಸಕ್ಕರೆಗಳು, ಅಂದರೆ ಫಾಡ್‌ಮ್ಯಾಪ್. ಈರುಳ್ಳಿ, ಬೆಳ್ಳುಳ್ಳಿ, ಅಲಸಂದೆ, ಕಡಲೆಕಾಳು, ಗೋಡಂಬಿ, ಸೇಬು, ಜೇನುತುಪ್ಪ. ಕಾಫಿ ಪುಡಿಯ ಚಿಕೋರಿಯನ್ನೂ ಮರೆಯಬೇಡಿ, ಆ ಬೇರಿನಲ್ಲಿ ಇನ್ಯುಲಿನ್ ಅನ್ನುವ ಹುದುಗುವ ನಾರು ಇದೆ. ಚಿಕೋರಿ ಇಲ್ಲದ ಪುಡಿ ತಂದು ನೋಡಿ. ಗ್ಲುಟೆನ್ ಫ್ರೀ ಬಿಸ್ಕತ್ತು, ಬ್ರೆಡ್ ತಿನ್ನುತ್ತಿದ್ದರೆ ಅವುಗಳಲ್ಲಿ ನಾರಿಗಾಗಿ ಹಾಕುವ ಇನ್ಯುಲಿನ್ ಮತ್ತು ಹಿಗ್ಗುವ ಅಂಟುಗಳೂ ಉಬ್ಬರ ತರುತ್ತವೆ. ಬೇಳೆ ಬಿಡಬೇಡಿ, ಪ್ರೋಟೀನ್ ಎಲ್ಲಿಂದ ಬರಬೇಕು? ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ತೊಗರಿಯ ಬದಲು ಕೆಲವು ದಿನ ಸಿಪ್ಪೆ ತೆಗೆದ ಹೆಸರುಬೇಳೆ. ಬೆಳ್ಳುಳ್ಳಿ ರುಚಿ ಬೇಕಾದರೆ ಎಣ್ಣೆಯಲ್ಲಿ ಬಾಡಿಸಿ ಎಸಳು ತೆಗೆದುಹಾಕಿ, ಆ ಸಕ್ಕರೆ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ಹೆಚ್ಚೆಂದರೆ ಆರು ವಾರ, ಆಮೇಲೆ ಒಂದೊಂದೇ ವಾಪಸ್ ತರಬೇಕು. ಸಾಧ್ಯವಾದರೆ ಪಥ್ಯತಜ್ಞರ ಜೊತೆ ಮಾಡಿ, ಮೊದಲೇ ತೂಕ ಕಳೆದುಕೊಂಡವರಿಗೆ ಇದು ಸುಲಭದ ಪಥ್ಯ ಅಲ್ಲ.

ನವಣೆ ಅನ್ನವನ್ನು ಒಂದೇ ಸಲ ತಟ್ಟೆ ತುಂಬ ತಿನ್ನುತ್ತಿದ್ದರೆ ನಾರು ಹೆಚ್ಚಾಗಿಯೂ ಉಬ್ಬರಿಸಬಹುದು. ಅರ್ಧ ಅಕ್ಕಿ, ಅರ್ಧ ನವಣೆ ಮಾಡಿ.

ಕರುಳಬಳ್ಳಿ:

ಅಡುಗೆಮನೆಯ ಭಾಗ ಚೆನ್ನಾಗಿ ಬಂದಿದೆ. ಪರೀಕ್ಷೆಗಳ ಬಗ್ಗೆ ನಾನು ಹೇಳುತ್ತೇನೆ, ಇದು ನಿಮ್ಮ ಗ್ಯಾಸ್ಟ್ರೋ ಡಾಕ್ಟರ ಮುಂದೆ ಇಡಬೇಕಾದ ಪ್ರಶ್ನೆಗಳ ಪಟ್ಟಿ ಅಂದುಕೊಳ್ಳಿ.

ಮೊದಲು ಮಾತ್ರೆಗಳು, ಯಾಕೆಂದರೆ ಇದಕ್ಕೆ ಖರ್ಚಿಲ್ಲ. ಕಬ್ಬಿಣದ ಮಾತ್ರೆಯೇ ಮಲಬದ್ಧತೆ, ಹೊಟ್ಟೆ ನುಲಿತ ತರುತ್ತದೆ. ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಸಂಗ್ರಹ ತುಂಬಿದ್ದರೆ ಡಾಕ್ಟರು ನಿಲ್ಲಿಸಬಹುದು. ಥೈರಾಕ್ಸಿನ್ ಕಥೆ ಇನ್ನೂ ಸೂಕ್ಷ್ಮ. ಕರುಳು ಹಾಳಾಗಿದ್ದಾಗ ಮಾತ್ರೆ ಸರಿಯಾಗಿ ಹೀರಿಕೆಯಾಗದೆ ಡೋಸ್ ಏರಿಸಿರುತ್ತಾರೆ. ಕರುಳು ಸುಧಾರಿಸಿದ ಮೇಲೆ ಅದೇ ಡೋಸ್ ಹೆಚ್ಚಾಗಿ, ಭೇದಿ, ಎದೆಬಡಿತ, ಕೈ ನಡುಕ ಶುರುವಾಗಬಹುದು. ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಈಗ ಎಷ್ಟಿದೆ? ಥೈರಾಕ್ಸಿನ್‌ಗೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇರಬೇಕು. ಅಸಿಡಿಟಿಗೆಂದು ಮೆಗ್ನೀಸಿಯಂ ಇರುವ ಔಷಧಿ ಕುಡಿಯುತ್ತಿದ್ದರೆ ಅದೂ ಭೇದಿ ಮಾಡಿಸುತ್ತದೆ.

ಎರಡನೆಯದು, ಮೂಲ ರೋಗನಿರ್ಣಯ ಗಟ್ಟಿಯೇ? ನಿಮ್ಮ ತಂಗಿಯ ವಿಷಯದಲ್ಲಿ ಟಿಟಿಜಿ ಅಷ್ಟು ಏರಿ, ಬಯಾಪ್ಸಿಯೂ ಹೊಂದಿಕೊಂಡಿರುವುದರಿಂದ ಅನುಮಾನ ಕಡಿಮೆ. ಟಿಟಿಜಿ ನೆಗೆಟಿವ್ ಇದ್ದು ಬಯಾಪ್ಸಿ ನೋಡಿ ಮಾತ್ರ ಸೀಲಿಯಾಕ್ ಅಂದಿದ್ದರೆ ದಕ್ಷಿಣದಲ್ಲಿ ನಾವು ಟ್ರಾಪಿಕಲ್ ಸ್ಪ್ರೂ ಅನ್ನುವ ಬೇರೊಂದು ಕರುಳಿನ ಕಾಯಿಲೆ ಬಗ್ಗೆ ಯೋಚಿಸಲೇಬೇಕು. ಅದರಲ್ಲೂ ವಿಲ್ಲೈ ಸವೆಯುತ್ತದೆ, ಆದರೆ ಚಿಕಿತ್ಸೆ ಪಥ್ಯವಲ್ಲ, ಆ್ಯಂಟಿಬಯಾಟಿಕ್ ಮತ್ತು ಫೋಲಿಕ್ ಆಮ್ಲ. 2016ರಲ್ಲಿ ಪ್ರಕಟವಾದ ಬಹುಪ್ರಾಂತ್ಯ ಅಧ್ಯಯನದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಉತ್ತರ ಭಾರತದಲ್ಲಿ 1.23 ಶೇಕಡಾ, ದಕ್ಷಿಣದಲ್ಲಿ 0.10 ಶೇಕಡಾ ಜನರಲ್ಲಿ ಕಂಡವು. ಓದುವ ಬೇರೆಯವರಿಗೆ ಉಪಯೋಗವಾಗಲಿ ಅಂತ ಹೇಳಿದೆ.

ಪಥ್ಯ ಬಿಗಿ ಮಾಡಿ, ಹಾಲು ಬಿಟ್ಟು ನೋಡಿದ ಮೇಲೂ ಉಳಿದರೆ:

ಮಲ ಪರೀಕ್ಷೆ. ಜಿಯಾರ್ಡಿಯಾ ಪರಾವಲಂಬಿ ನಮ್ಮ ನೀರಿನಲ್ಲಿ ಸಾಮಾನ್ಯ, ಲಕ್ಷಣವೆಲ್ಲ ಸೀಲಿಯಾಕ್ ಥರವೇ. ಒಂದು ಸ್ಯಾಂಪಲ್ ನೆಗೆಟಿವ್ ಬಂದರೆ ಮುಗಿಯಲಿಲ್ಲ. ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ, ಇಲ್ಲವೇ ಆ್ಯಂಟಿಜೆನ್ ಪರೀಕ್ಷೆ ಮಾಡಿಸಿ.

ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದೆಯೇ ಅಂತ ಗ್ಲೂಕೋಸ್ ಉಸಿರಾಟ ಪರೀಕ್ಷೆ. ಹಿಂದಿನ ದಿನ ಬಿಳಿ ಅನ್ನದಂಥ ನಾರಿಲ್ಲದ ಊಟ, ಹನ್ನೆರಡು ಗಂಟೆ ಖಾಲಿ ಹೊಟ್ಟೆ, ನಾಲ್ಕು ವಾರದೊಳಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಈ ತಯಾರಿ ತಪ್ಪಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ರಿಫಾಕ್ಸಿಮಿನ್ ಆ್ಯಂಟಿಬಯಾಟಿಕ್ ನುಂಗುವುದು ಬೇಡ.

ಮಲ ಜಿಡ್ಡಾಗಿ, ತೇಲಿ, ನೀರು ಹಾಕಿದರೂ ಹೋಗದಿದ್ದರೆ ಮೇದೋಜೀರಕ ಗ್ರಂಥಿಯ ಕಿಣ್ವ ಸಾಲುತ್ತಿಲ್ಲ ಅಂತಿರಬಹುದು. ಮಲದ ಎಲಾಸ್ಟೇಸ್ ಪರೀಕ್ಷೆ ಇದೆ, ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಅಂದರೆ ಕೊರತೆ. ನೀರಾದ ಭೇದಿಯ ದಿನ ಸ್ಯಾಂಪಲ್ ಕೊಡಬೇಡಿ, ತೆಳುವಾಗಿ ಸುಳ್ಳು ಕಡಿಮೆ ತೋರಿಸುತ್ತದೆ.

ರಕ್ತವಿಲ್ಲದ ನೀರು ಭೇದಿ, ರಾತ್ರಿ ಎಬ್ಬಿಸುವಂಥದ್ದು ಇದ್ದರೆ ಮೈಕ್ರೋಸ್ಕೋಪಿಕ್ ಕೊಲೈಟಿಸ್ (ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ದೊಡ್ಡ ಕರುಳಿನ ಉರಿಯೂತ) ಇರಬಹುದು. ಕೊಲೊನೋಸ್ಕೋಪಿಯಲ್ಲಿ ಕರುಳು ಕಣ್ಣಿಗೆ ನಾರ್ಮಲ್ಲಾಗಿಯೇ ಕಾಣುತ್ತದೆ, ಆದ್ದರಿಂದ ಬಯಾಪ್ಸಿ ತೆಗೆಯಲೇಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಇಷ್ಟರಲ್ಲೂ ಕಾರಣ ಸಿಗದಿದ್ದರೆ ಎಂಡೋಸ್ಕೋಪಿ ಪುನಃ ಮಾಡಿ ಡ್ಯುಯೊಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗ) ಬಯಾಪ್ಸಿ. ವಿಲ್ಲೈ ಚಿಗುರಿದ್ದರೆ ಐಬಿಎಸ್ ಅನ್ನುವ ಮಾತಿಗೆ ಆಗ ಅರ್ಥ ಬರುತ್ತದೆ. ಚಿಗುರದೆ ಹಾಗೇ ಇದ್ದರೆ ಮತ್ತೆ ಊಟದ ತಪಾಸಣೆ. ವಯಸ್ಕರಲ್ಲಿ ಪೂರ್ತಿ ಗುಣವಾಗಲು ವರ್ಷಗಳೇ ಹಿಡಿಯುತ್ತವೆ ಅನ್ನುವುದೂ ಲೆಕ್ಕದಲ್ಲಿರಲಿ. ಪಥ್ಯಕ್ಕೆ ಬಗ್ಗದ ರಿಫ್ರ್ಯಾಕ್ಟರಿ ಸೀಲಿಯಾಕ್ ಅಪರೂಪ, ಹೆಚ್ಚಾಗಿ 50 ದಾಟಿದವರಲ್ಲಿ. ಇಂಟರ್ನೆಟ್ ಓದಿ ಅಲ್ಲಿಂದ ಶುರು ಮಾಡಬೇಡಿ.

ತೂಕ ಇಳಿಯತೊಡಗಿದರೆ, ಮಲದಲ್ಲಿ ರಕ್ತ, ಜ್ವರ, ನಿಲ್ಲದ ವಾಂತಿ, ಏರಿದ ಹಿಮೋಗ್ಲೋಬಿನ್ ಮತ್ತೆ ಕುಸಿದರೆ ಈ ಸರದಿ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ.

ತುಂಗೆಯ_ದಡ:

ಎಲ್ಲರಿಗೂ ಧನ್ಯವಾದ. ಇಂಗಿನ ಡಬ್ಬಿ ತಿರುಗಿಸಿ ನೋಡಿದೆ, ಅಲರ್ಜಿ ಮಾಹಿತಿಯಲ್ಲಿ ಗೋಧಿ ಅಂತಲೇ ಇದೆ. ಹಿಟ್ಟು ಗಿರಣಿಯದ್ದೇ. ಇನ್ನೆರಡು ಪ್ರಶ್ನೆ. ಅವಳ ಅತ್ತೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ, "ಪ್ರಸಾದ ಒಂದು ಚಮಚ ತಗೊಂಡರೆ ಏನೂ ಆಗಲ್ಲ" ಅನ್ನುತ್ತಾರೆ. ಮತ್ತು ಗೊತ್ತಿಲ್ಲದೆ ತಿಂದುಬಿಟ್ಟರೆ ಏನು ಮಾಡಬೇಕು?

ಒಗ್ಗರಣೆ_ಸೌಟು:

ಆ ಪೂಜೆಯ ಪ್ರಸಾದವಾದ ಸಪಾದಕ್ಕೆ ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಸಮ ಅಳತೆ. 20 ಗ್ರಾಂ ತೂಗುವ ಒಂದು ಚಮಚದಲ್ಲಿ 4 ಗ್ರಾಂ ರವೆ ಅಂದರೂ 400 ಮಿಲಿಗ್ರಾಂ ಗ್ಲುಟೆನ್, ದಿನದ ಮಿತಿಯ ನಲವತ್ತು ಪಟ್ಟು. ಅತ್ತೆಯವರಿಗೆ ಹೀಗೆ ಹೇಳಿ: ವ್ರತಕಥೆಯಲ್ಲೇ ಗೋಧಿ ಹಿಟ್ಟು ಇಲ್ಲದಿದ್ದರೆ ಅಕ್ಕಿ ಹಿಟ್ಟು ಆಗಬಹುದು ಅಂತಿದೆ. ಮನೆಯಲ್ಲೇ ಒಡೆದ ಅಕ್ಕಿ ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ಬಿಸಿ ಹಾಲನ್ನು ರವೆಗೆ ಹಾಕುವ ಅಳತೆಗಿಂತ ಸ್ವಲ್ಪ ಹೆಚ್ಚು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ ಆಮೇಲೆ ಸಕ್ಕರೆ ಸೇರಿಸಿ. ಸಕ್ಕರೆ ಮೊದಲು ಬಿದ್ದರೆ ತರಿ ಬೇಯದೆ ಗಟ್ಟಿ ಉಳಿಯುತ್ತದೆ. ಹಾಲು ಬಿಡುವ ಎರಡು ವಾರದೊಳಗೆ ಪೂಜೆ ಬಂದರೆ ಅವಳು ತೆಂಗಿನಕಾಯಿ, ಬಾಳೆಹಣ್ಣು ತೆಗೆದುಕೊಳ್ಳಲಿ.

ಕರುಳಬಳ್ಳಿ:

ತಪ್ಪಿ ತಿಂದರೆ ಮದ್ದಿಲ್ಲ. ಗ್ಲುಟೆನ್ ಕರಗಿಸುತ್ತದೆ ಅಂತ ಮಾರುವ ಕಿಣ್ವದ ಗುಳಿಗೆಗಳನ್ನು ನಂಬಿ ತಿನ್ನುವ ಹಾಗಿಲ್ಲ. ಭೇದಿಯಾದರೆ ಓಆರ್‌ಎಸ್, ಒಂದು ಪ್ಯಾಕೆಟ್ಟಿಗೆ ಅದರ ಮೇಲೆ ಬರೆದಷ್ಟೇ ನೀರು, ಸಾಮಾನ್ಯವಾಗಿ 1 ಲೀಟರ್. ಒಂದೆರಡು ದಿನ ಗಂಜಿ, ಬಾಳೆಹಣ್ಣು, ಹೆಸರುಬೇಳೆ ಕಟ್ಟು, ಹಾಲು ಬೇಡ. ಏನು, ಎಲ್ಲಿ, ಎಷ್ಟು ಹೊತ್ತಿಗೆ ತಿಂದದ್ದು ಅಂತ ಬರೆದಿಡಿ. ಲಕ್ಷಣ ಗಂಟೆಯೊಳಗೂ ಬರಬಹುದು, ಎರಡನೇ ದಿನಕ್ಕೂ ಬರಬಹುದು, ಹಾಗಾಗಿ ಕೊನೆಯ ಊಟವನ್ನೇ ದೂರಬೇಡಿ. ಟಿಟಿಜಿಗೆ ಮರುದಿನವೇ ಓಡುವುದೂ ಬೇಡ, ಒಂದು ಸಲದ ತಪ್ಪಿಗೆ ಅದು ಏರಲಿಕ್ಕಿಲ್ಲ. ಇಂಗು, ಗಿರಣಿ ಸರಿಪಡಿಸಿದ ದಿನದಿಂದ ಆರು ತಿಂಗಳಿಗೆ, ಅದೇ ಲ್ಯಾಬಿನಲ್ಲಿ ಮಾಡಿಸಿ. ಬೇರೆ ಲ್ಯಾಬಿನ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.